ಗೋಡೆಗೆ ಬೆನ್ನು ಮಾಡಿ ಕೂತವಳಿಗೆ

ನಮ್ಮನೆ ಕೋತಿಗೆ,

ಅಕ್ಕನ ಆಶೀರ್ವಾದ. ಮಗುವಿಗೆ ಹಲ್ಲು ಬರುತ್ತಿದೆ, ನನಗೆ ನಿದ್ದೆಯಿಲ್ಲ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

“ಒಂದ್ಸಲ ಬೆರಳಿನ ನರ ಹರಿದದ್ದು ಸಾಲದಾ? ಗೋಡೆ ಹತ್ತೋದು ಬಿಡು ಅಂತ ನೀನಾದ್ರೂ ಹೇಳು” ಎಂದು ಅಮ್ಮ ನನ್ನ ಬೆನ್ನು ಬಿದ್ದಿದ್ದಳು. ಅದನ್ನು ಹೇಳಲೆಂದೇ ಮೊನ್ನೆ ನಿನ್ನ ಗೋಡೆ ಹತ್ತುವ ಪಂದ್ಯಕ್ಕೆ ಬಂದೆ. ಮಗು ರಚ್ಚೆ ಹಿಡಿದದ್ದರಿಂದ ನಿನ್ನನ್ನು ಕಾಣದೆ ಹೊರಟೆ. ಆದರೆ ಎಲ್ಲವನ್ನೂ ನೋಡಿದೆ.

ಕೊನೆಯ ಗೋಡೆಗೆ ನಾಲ್ಕೇ ನಿಮಿಷ. ಅಷ್ಟರೊಳಗೆ ಎಷ್ಟು ಸಲ ಬಿದ್ದರೂ ಮತ್ತೆ ಹತ್ತಬಹುದಂತೆ. ನೀನು ಮೂರು ಸಲ ಬಿದ್ದೆ. ಗಡಿಯಾರ ಓಡುತ್ತಿರುವಾಗ ನೀನು ಗೋಡೆಗೆ ಬೆನ್ನು ಮಾಡಿ ಕೂತು, ಒಂದೊಂದೇ ಬೆರಳನ್ನು ನೀವಿಕೊಂಡೆ. ಪೂರ್ತಿ ಒಂದು ನಿಮಿಷ! “ಏಳೇ, ಹೊತ್ತಾಯ್ತು!” ಎಂದು ನಾನು ಕಿರುಚಿದ್ದು ನಿನಗೆ ಕೇಳಿಸಿರಲಾರದು. ಆಮೇಲೆ ಎದ್ದವಳು ಉಗುರಗಲದ ಅಂಚು ಹಿಡಿದು, ಹಲ್ಲಿಯೂ ನಾಚುವಂತೆ ಸರಸರನೆ ತುದಿ ಮುಟ್ಟಿದೆ. ಆ ಬೆರಳುಗಳಿಗೆ ಎಷ್ಟು ವಿಶ್ರಾಂತಿ ಬೇಕೆಂದು ನಿನಗೆ ಗೊತ್ತಿದೆ. ನಮಗ್ಯಾರಿಗೂ ಗೊತ್ತಿಲ್ಲ.

ಅಮ್ಮನಿಗೆ ನಾನು ಹೇಳಿಕೊಳ್ಳುತ್ತೇನೆ. ನೀನು ಮುಂದಿನ ಪಂದ್ಯಕ್ಕೆ ಹೆಸರು ಕೊಡು. ತಾರೀಖನ್ನು ಮಾತ್ರ ಮೊದಲೇ ತಿಳಿಸು. ಅವತ್ತು ಮಗುವನ್ನು ನಿನ್ನ ಭಾವನ ಬಳಿ ಬಿಟ್ಟು ಬರುತ್ತೇನೆ. ಚಪ್ಪಾಳೆಗೆ ನನಗೆ ಎರಡೂ ಕೈ ಬೇಕು.

ನಿನ್ನ,
ಪುಕ್ಕಲು ಅಕ್ಕ