‘ಪುಲ್ ಥ್ರೂ’ಗೆ ಬರೆದ ಟಿಪ್ಪಣಿ

ಹದಿನಾಲ್ಕು, ಮಂಗಳವಾರ.

"ಶೀ ವಿಲ್ ಪುಲ್ ಥ್ರೂ" ಎಂದರು ಡಾಕ್ಟರು, ನನ್ನ ಹೆಂಡತಿಯ ಬಗ್ಗೆ. ಐಸಿಯು ಬಾಗಿಲಲ್ಲಿ ನಿಂತು, ಕೈಗವಸು ಕಳಚುತ್ತ.

ಅತ್ತೆ ನನ್ನ ತೋಳು ಹಿಡಿದರು. "ಏನಂದ್ರು ಅಳಿಯಂದ್ರೆ? ನಿಘಂಟು ಬರೆಯೋರು ನೀವು, ಸರಿಯಾಗಿ ಹೇಳಿ."

"ಹುಷಾರಾಗ್ತಾಳಂತೆ."

"ಅಷ್ಟು ಹೇಳೋಕೆ ಇಷ್ಟೊತ್ತಾ? ನಿಮ್ಮ ನಿಘಂಟು ಮುಗಿದ ಹಾಗೇ!" ಅಳುತ್ತಲೇ ನಕ್ಕರು. ಮೂರು ದಿನಗಳಲ್ಲಿ ಮೊದಲ ಸಲ ಕಾಫಿ ಕುಡಿದರು.

ಆ ಪದಕ್ಕೆ ಕಳೆದ ವರ್ಷ ಅರ್ಥ ಬರೆದವನು ನಾನೇ. ಕಾಯಿಲೆಯಿಂದ ಪಾರಾಗು, ಆಡುಮಾತು. ಕೆಳಗೊಂದು ಟಿಪ್ಪಣಿ: ನೆಗಡಿಗೆ ಹೀಗೆನ್ನುವುದಿಲ್ಲ, ಸಾವಿನ ಭಯವಿರುವಲ್ಲಿ ಮಾತ್ರ ಬಳಕೆ. ಉದ್ದವಾಯಿತೆಂದು ಸಂಪಾದಕರು ಹೊಡೆದುಹಾಕಲು ಹೊರಟಾಗ ಒಂದು ವಾರ ಜಗಳವಾಡಿ ಅದನ್ನು ಉಳಿಸಿಕೊಂಡೆ.

ಈ ರಾತ್ರಿ ಆ ಟಿಪ್ಪಣಿ ತಪ್ಪಾಗಿರಲಿ ಎಂದು ಬೇಡುತ್ತಿದ್ದೇನೆ. ಡಾಕ್ಟರು ಬಾಯಿಗೆ ಬಂದ ಪದ ಆಡಿರಬಹುದು. ಎಲ್ಲ ರೋಗಿಗಳಿಗೂ ಅದನ್ನೇ ಹೇಳುವವರಿರಬಹುದು. ಯಾರೂ ನಿಘಂಟು ನೋಡಿಕೊಂಡು ಮಾತಾಡುವುದಿಲ್ಲ. ಇಪ್ಪತ್ತು ವರ್ಷ ನಾನು ಒಪ್ಪದೇ ಇದ್ದ ಮಾತು ಇದು.

ಮನೆಯ ಪಕ್ಕದ ಕೋಣೆಯಲ್ಲಿ ಅತ್ತೆ ತಮ್ಮ ಮಗಳು ಆಸ್ಪತ್ರೆಯಿಂದ ಹೊರಡುವಾಗ ಉಡಲೆಂದು ಬಟ್ಟೆ ಮಡಿಸುತ್ತಿದ್ದಾರೆ.

"ಯಾವತ್ತು ಕಳಿಸ್ತಾರಂತೆ?" ಎಂದು ಅಲ್ಲಿಂದಲೇ ಕೂಗಿದರು.

"ಕೇಳ್ಲಿಲ್ಲ, ಅತ್ತೆ."

"ಸರಿ, ಎರಡು ಜೊತೆ ಇಡ್ತೀನಿ."

"ಮೂರು ಇಡಿ, ಅವಳೇ ಆರಿಸ್ಕೊಳ್ಳಲಿ" ಎಂದುಬಿಟ್ಟೆ.