ಹಂದಿಗೂಡು ಎಂದು ಬರೆದುಕೊಂಡ ಕಚೇರಿಗೆ

ಮಾನ್ಯ ಪುರಾತತ್ವ ಅಧಿಕಾರಿಗಳೇ,

ಬೆಳಗಿನ ಜಾವ ಮೂರು ಗಂಟೆ ನಲವತ್ತು ನಿಮಿಷಕ್ಕೆ ನನ್ನನ್ನು ಎಬ್ಬಿಸಿದ್ದು ಮಗುವಿನ ಅಳುವಲ್ಲ, ಹಿತ್ತಲಿನಲ್ಲಿ ಸುಣ್ಣ ಕುದಿಯುವ ಸದ್ದು. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದರೆ ಮೊದಲು ಬುಸುಗುಟ್ಟುತ್ತದೆ, ಆಮೇಲೆ ಗಂಜಿಯ ಹಾಗೆ ಕೊತಕೊತ ಎನ್ನುತ್ತದೆ. ಪೋರ್ಚುಗಲ್ಲಿನ ನಮ್ಮ ಅಲೆಂತೆಜೊ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಆ ಸದ್ದನ್ನು ಪರಿಚಯಿಸಬೇಕಾಗಿಲ್ಲ. ಆದರೆ ಅದನ್ನು ಕೇಳುವುದು ಮೇ ತಿಂಗಳ ಹಗಲಿನಲ್ಲಿ. ಜೂನ್ ತಿಂಗಳ ಈ ಹೊತ್ತಿನಲ್ಲಿ ನನ್ನ ಗಂಡನ ಅಜ್ಜಿ, ಎಂಬತ್ತನಾಲ್ಕು ವರ್ಷದ ವಿತಾಲಿನಾ, ಸುಣ್ಣ ಕುದಿಸುತ್ತಿದ್ದಾರೆಂದರೆ ಅದಕ್ಕೆ ನೇರ ಕಾರಣ ತಾವು.

ದೂರನ್ನು ಮೊದಲೇ ಹೇಳಿಬಿಡುತ್ತೇನೆ, ತಮ್ಮ ಸಮಯ ಅಮೂಲ್ಯ. ನಮ್ಮ ಹಿತ್ತಲಿನಿಂದ ನಲವತ್ತು ಹೆಜ್ಜೆಯಾಚೆ, ಬೇಲಿಯ ಮಗ್ಗುಲಿಗೆ, ಒಂದು ಕಲ್ಗೋರಿ ಇದೆ. ಏಳು ನಿಲುಗಲ್ಲುಗಳು, ಮೇಲೊಂದು ಚಪ್ಪಡಿ. ಐದು ಸಾವಿರ ವರ್ಷಗಳಿಂದ ಅಲ್ಲೇ ನಿಂತಿದೆ. ತಮ್ಮ ಕಚೇರಿ ಅದನ್ನು ‘ಆಧುನಿಕ ಹಂದಿಗೂಡು, ಪಾರಂಪರಿಕ ಮೌಲ್ಯವಿಲ್ಲ’ ಎಂದು ಬರೆದುಕೊಂಡಿದೆ. ಆ ಒಂದು ಸಾಲನ್ನು ನಂಬಿ, ಜಮೀನು ಕೊಂಡ ಆಲಿವ್ ಕಂಪನಿಯವರು ನಿನ್ನೆ ಸಂಜೆ ಬುಲ್ಡೋಜರ್ ತಂದು ನಿಲ್ಲಿಸಿದ್ದಾರೆ. ಇಂದು ಬೆಳಿಗ್ಗೆ ಏಳು ಗಂಟೆಗೆ ಅದು ಚಾಲೂ ಆಗುತ್ತದೆ.

ತಮ್ಮ ಪರಿಶೀಲಕರು ಬಂದದ್ದು ಕಳೆದ ಅಕ್ಟೋಬರಿನಲ್ಲಿ. ಅಂದು ನಾನು ಮನೆಯಲ್ಲಿರಲಿಲ್ಲ, ಆಸ್ಪತ್ರೆಯಲ್ಲಿ ಹೆರುತ್ತಿದ್ದೆ. ಸರ್ಕಾರಿ ಭೇಟಿಯ ದಿನ ನೋಡಿ ಹೆರಿಗೆ ಇಟ್ಟುಕೊಂಡದ್ದಕ್ಕೆ ಕ್ಷಮೆ ಇರಲಿ. ಹಾಗಾಗಿ ಅವರನ್ನು ಎದುರುಗೊಂಡವರು ವಿತಾಲಿನಜ್ಜಿ ಒಬ್ಬರೇ. ಕುರಿಹಾಲಿನ ಚೀಸು, ರೊಟ್ಟಿ, ಆಲಿವ್ ಕಾಯಿ ಕೊಟ್ಟು ಉಪಚರಿಸಿದರಂತೆ. ಪರಿಶೀಲಕರು ಬಾಯಾಡಿಸುತ್ತಲೇ ಬೇಲಿಯತ್ತ ಕೈ ತೋರಿಸಿ ಕೇಳಿದರಂತೆ, “ಅದೇನಮ್ಮ ಅದು, ಬೆಳ್ಳಗೆ ಕಾಣ್ತಿರೋದು?”

“ಹಂದಿಗೂಡು ಸ್ವಾಮಿ.”

“ಹಂದಿ ಎಲ್ಲಿ?”

“ತಿಂದ್ವಿ.”

ಇಷ್ಟೇ ನಡೆದ ವಿಚಾರಣೆ. ಪರಿಶೀಲಕರು ನಕ್ಕು ಬರೆದುಕೊಂಡರು. ನಲವತ್ತು ಹೆಜ್ಜೆ ನಡೆದು ನೋಡಬಹುದಿತ್ತಲ್ಲ ಎಂದು ಕೇಳುವಷ್ಟು ಒರಟಳಲ್ಲ ನಾನು. ಅಂದು ಬಿಸಿಲಿತ್ತೇನೋ. ಚೀಸು ಮುಗಿದಿರಲಿಲ್ಲವೇನೋ.

ಅಜ್ಜಿ ಸುಳ್ಳು ಹೇಳಿದ್ದೇಕೆ ಎಂದು ತಾವು ಕೇಳಬಹುದು. ಇಲ್ಲಿನ ದೊಡ್ಡ ಜಮೀನುಗಳಲ್ಲಿ ಕೂಲಿ ಮಾಡಿ ಬೆಳೆದವರಿಗೆ ಮನೆಯ ಹಿರಿಯರು ಕಲಿಸಿದ ಪಾಠವೊಂದಿದೆ. ಟೈ ಕಟ್ಟಿದವರು ಬಂದು ಏನನ್ನೇ ತೋರಿಸಿ ಇದೇನು ಎಂದರೂ, ಇರುವುದಕ್ಕಿಂತ ಎರಡು ಮೆಟ್ಟಿಲು ಕೆಳಗಿನ ಹೆಸರು ಹೇಳಬೇಕು. ಕುದುರೆಯನ್ನು ಕತ್ತೆ ಎನ್ನಬೇಕು, ಬಾವಿಯನ್ನು ಗುಂಡಿ ಎನ್ನಬೇಕು. ಒಳ್ಳೆಯ ಹೆಸರು ಹೇಳಿದ ವಸ್ತುಗಳೆಲ್ಲ ಒಂದಲ್ಲ ಒಂದು ದಿನ ಯಾರದೋ ಗಾಡಿ ಹತ್ತಿ ಹೋಗಿವೆ. ಅಜ್ಜಿ ಗೋರಿಯನ್ನು ಉಳಿಸಲೆಂದೇ ಹಂದಿಗೂಡು ಎಂದರು. ಅವರಿಗೆ ಗೊತ್ತಿಲ್ಲದೆ ಹೋದದ್ದು ಇಷ್ಟೇ: ಈಗಿನ ಸರ್ಕಾರ ಬಡವರು ಹೇಳಿದ್ದನ್ನು ಅಕ್ಷರಶಃ ನಂಬುತ್ತದೆ, ಅದೂ ಅಪರೂಪಕ್ಕೆ ಒಮ್ಮೆ, ನಂಬಬಾರದ ದಿನ.

ಇನ್ನು ಆ ಬಿಳಿ ಬಣ್ಣದ ವಿಷಯ. ‘ಸುಣ್ಣ ಬಳಿದ ಗೋಡೆ, ಕೆಳಗೆ ನೀಲಿ ಪಟ್ಟಿ, ತಗಡಿನ ಮುಂಚಾಚು’ ಎಂಬುದು ತಮ್ಮ ವರದಿಯ ವರ್ಣನೆ. ಒಪ್ಪಿದೆ, ಒಂದಕ್ಷರವೂ ಸುಳ್ಳಲ್ಲ. ಗೋರಿಯೊಳಗೆ ಮೋರಾ, ಅಂದರೆ ಹಳೆಗಾಲದ ಮೂರ್ ಜನಾಂಗದ ಹೆಣ್ಣೊಬ್ಬಳು, ಮಂತ್ರಕ್ಕೆ ಸಿಕ್ಕಿ ವಾಸವಾಗಿದ್ದಾಳೆಂದು ನಮ್ಮೂರಿನ ಹಳಬರು ಹೇಳುತ್ತಾರೆ. ಪ್ರತಿ ಮೇ ತಿಂಗಳು ಮನೆಗೆ ಸುಣ್ಣ ಬಳಿದ ಮೇಲೆ ಉಳಿದದ್ದನ್ನು ಅಜ್ಜಿ ಅವಳ ಮನೆಗೂ ಬಳಿಯುತ್ತಾರೆ. ಅವರಿಗಿಂತ ಮುಂಚೆ ಅವರ ಅತ್ತೆ ಬಳಿಯುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಹೌಹಾರಿ, “ಅಜ್ಜಿ, ಇದು ಇತಿಹಾಸಕ್ಕಿಂತ ಹಿಂದಿನದು, ಹೀಗೆಲ್ಲ ಬಳಿಯಬಾರದು” ಎಂದಿದ್ದೆ.

“ಹಿಂದಿನದಾದ್ರೆ ಕೊಳಕಾಗಿರ್ಬೇಕಾ? ನಮ್ಮನೆ ಬೆಳ್ಳಗಿದ್ದು ಪಕ್ಕದೋಳ ಮನೆ ಕಪ್ಪಗಿದ್ರೆ ನೋಡಿದೋರು ಏನಂತಾರೆ?”

“ಯಾರು ನೋಡ್ತಾರೆ ಅಜ್ಜಿ, ಇಲ್ಲಿ?”

“ಅವಳು ನೋಡ್ತಾಳಲ್ಲ!”

ಹೀಗೆ ಅತ್ತೆ ಸೊಸೆಯರು ನೂರು ವರ್ಷ ತೋರಿದ ಅಕ್ಕರೆಯೇ ಆ ಕಲ್ಲುಗಳ ಮೇಲೆ ಬೆರಳು ದಪ್ಪಕ್ಕೆ ಕೂತಿದೆ. ಯಾರೂ ಕಾಳಜಿ ಮಾಡದೆ ಪಾಳುಬಿದ್ದಿದ್ದರೆ, ಮುಳ್ಳು ಬೆಳೆದು ಪಾಚಿ ಕಟ್ಟಿದ್ದರೆ, ತಮಗೆ ಪ್ರಾಚೀನತೆ ದೂರದಿಂದಲೇ ಕಂಡುಬಿಡುತ್ತಿತ್ತು. ಚೊಕ್ಕಟವಾಗಿ ಇಟ್ಟದ್ದು ನಮ್ಮ ತಪ್ಪು.

ನನಗೆ ಈ ವಿಷಯದಲ್ಲಿ ಮಾತಾಡಲು ಏನು ಅರ್ಹತೆ ಎಂದು ತಮ್ಮ ಕಚೇರಿಯ ಮಹಿಳೆಯೊಬ್ಬರು ಫೋನಿನಲ್ಲಿ ಬಹಳ ಮರ್ಯಾದೆಯಿಂದ ಕೇಳಿದ್ದರು. ಹೇಳುತ್ತೇನೆ. ನನ್ನ ಗಂಡ ಲಾರಿ ಚಾಲಕ, ಕಾರ್ಕಿನ ಹೊರೆ ಹೊತ್ತು ಯುರೋಪಿನ ಉದ್ದಗಲ ಓಡಾಡುವವನು. ಬಸುರಿಯಾಗುವವರೆಗೆ ನಾನೂ ಅವನ ಪಕ್ಕದ ಸೀಟಿನಲ್ಲಿದ್ದೆ. ಅವನು ಹೊರೆ ಇಳಿಸುವಷ್ಟರಲ್ಲಿ ನಾನು ಕಲ್ಲು ಹುಡುಕಿಕೊಂಡು ಹೋಗುತ್ತಿದ್ದೆ. ಫ್ರಾನ್ಸಿನ ಬ್ರಿಟನಿಯ ಗೋಧಿ ಹೊಲಗಳಲ್ಲಿ, ಡೆನ್ಮಾರ್ಕಿನ ಹಂದಿ ಸಾಕಣೆಗಳ ಹಿಂದೆ (ನಿಜವಾದ ಹಂದಿಗಳು), ಐರ್ಲೆಂಡಿನ ಕೆಸರಿನಲ್ಲಿ ಮಂಡಿಯೂರಿ ಅಳತೆ ಹಿಡಿದು ಫೋಟೊ ತೆಗೆದಿದ್ದೇನೆ. ಇನ್ನೂರ ಹನ್ನೆರಡು ತಾಣಗಳು, ನಾಲ್ಕು ನೋಟ್‌ಪುಸ್ತಕಗಳು. ಎಲ್ಲ ಕಡೆಯೂ ಅದೇ ಕಥೆ. ಕಲ್ಲು ಉಳಿದಿದ್ದರೆ ಅದನ್ನು ಯಾರೋ ಯಾವುದಕ್ಕೋ ಬಳಸುತ್ತಿದ್ದರು ಎಂದರ್ಥ. ಒಬ್ಬರು ಆಲೂಗಡ್ಡೆ ಇಟ್ಟಿದ್ದರು, ಇನ್ನೊಬ್ಬರು ಕುರಿ ಕಟ್ಟಿದ್ದರು, ಒಂದು ಕಡೆ ಹಳ್ಳಿಯವರು ಶಿಲುಬೆ ನೆಟ್ಟು ಪ್ರಾರ್ಥನೆಗೆ ಕೂರುತ್ತಿದ್ದರು. ಕಾಗದದಲ್ಲಿ ಮಾತ್ರ ಕಾಪಾಡಲ್ಪಟ್ಟ ಕಲ್ಲುಗಳನ್ನು ಹುಡುಕಿ ಹೋದಾಗಲೆಲ್ಲ ನನಗೆ ಸಿಕ್ಕಿದ್ದು ಫಲಕ. ನಮ್ಮದೇ ತಿರುವಿನಲ್ಲಿ ತಮ್ಮ ಕಂದು ಫಲಕವೊಂದಿದೆಯಲ್ಲ, ‘ಪ್ರಾಗೈತಿಹಾಸಿಕ ಸ್ಮಾರಕ, ಎರಡು ಕಿಲೋಮೀಟರ್’ ಎಂದು? ನಡೆದುಹೋಗಿ ನೋಡಿದೆ. ಎರಡು ಕಿಲೋಮೀಟರಿಗೆ ಬಾದಾಮಿ ತೋಟವಿದೆ. ಬಾದಾಮಿ ಚೆನ್ನಾಗಿ ಬಂದಿದೆ.

ಕಂಪನಿಯ ನಕ್ಷೆಯನ್ನು ಪಂಚಾಯತಿ ಗೋಡೆಗೆ ಅಂಟಿಸಿದ್ದು ಏಪ್ರಿಲ್‌ನಲ್ಲಿ. ಹಂದಿಗೂಡಿನ ಸುದ್ದಿ ನನಗೆ ತಿಳಿದದ್ದೇ ಆಗ. ಆ ವಾರವೇ, ಮಗುವನ್ನು ಎದೆಗೆ ಕಟ್ಟಿಕೊಂಡು, ಗೋರಿಯ ಹಿಂಬದಿಯ ಕಲ್ಲಿನಿಂದ ಊಟದ ತಟ್ಟೆಯಷ್ಟಗಲ ಸುಣ್ಣವನ್ನು ಬಿಡಿಸಿದೆ. ಈರುಳ್ಳಿಯ ಹಾಗೆ ಪದರ ಪದರ. ನಲವತ್ತರವರೆಗೆ ಎಣಿಸಿದೆ, ಅಷ್ಟರಲ್ಲಿ ಮಗು ಅತ್ತಿತು. ಕತ್ತಲಾದ ಮೇಲೆ ಮಗುವನ್ನು ಆಡಿಸುತ್ತ ಹೋಗಿ ಟಾರ್ಚನ್ನು ಓರೆಯಾಗಿ ಹಿಡಿದೆ, ಕೆತ್ತನೆ ಕಾಣುವುದು ಹಾಗೆ ಮಾತ್ರ. ಹಾವಿನಂತೆ ಬಳುಕುವ ಎರಡು ಗೆರೆ, ಅವುಗಳ ನಡುವೆ ಹೆಬ್ಬೆರಳು ಕೂರುವಂಥ ಒಂಬತ್ತು ಕುಳಿ. ನನ್ನ ಹೆಬ್ಬೆರಳನ್ನು ಒಂದರಲ್ಲಿಟ್ಟೆ, ಸರಿಯಾಗಿ ಕೂತಿತು. ಐದು ಸಾವಿರ ವರ್ಷದ ಹಿಂದೆ ಅದನ್ನು ತಿಕ್ಕಿ ತಿಕ್ಕಿ ಕೊರೆದವಳಿಗೂ ಮಗು ರಾತ್ರಿ ನಿದ್ದೆ ಮಾಡಲು ಬಿಡುತ್ತಿರಲಿಲ್ಲವೇನೋ.

ಮರುದಿನ ಅಜ್ಜಿ ನೋಡಿ ಕೂಗಾಡಿದರು, “ಅಯ್ಯೋ ಹುಡುಗಿ, ಅವಳ ಮೈಮೇಲಿನ ಬಟ್ಟೆ ಹರಿದ್ಯಲ್ಲೇ! ನಿಂಗೆ ಯಾರಾದ್ರೂ ಹಂಗ್ ಮಾಡಿದ್ರೆ?”

ಪರಿಶೀಲನೆ ಆಗುವವರೆಗೆ ಈ ವರ್ಷ ಗೋರಿಗೆ ಸುಣ್ಣ ಬೇಡವೆಂದು ಅವರನ್ನು ಕಾಡಿಬೇಡಿ ಒಪ್ಪಿಸಿದೆ. ತಮಗೆ ನಲವತ್ತೊಂದು ಪುಟದ ವರದಿ ಕಳಿಸಿದೆ. ತಲುಪಿದೆ ಎಂದು ಉತ್ತರ ಬಂತು. ಮೇ ತಿಂಗಳಲ್ಲಿ ಮತ್ತೆ ಕಳಿಸಿದೆ. ಮತ್ತೆ ತಲುಪಿತು. ತಲುಪುವ ವಿಷಯದಲ್ಲಿ ತಮ್ಮ ಕಚೇರಿಯನ್ನು ಮೀರಿಸುವವರಿಲ್ಲ. ಮೊನ್ನೆ ಬುಧವಾರ ಫೋನ್ ಮಾಡಿದಾಗ ಆ ಮಹಿಳೆ ವಿವರಿಸಿದರು: ಪಟ್ಟಿಯಲ್ಲಿದ್ದರೆ ಮಾತ್ರ ಕಾಪಾಡಬಹುದು, ಪಟ್ಟಿಗೆ ಸೇರಿಸಲು ಪರಿಶೀಲನೆ ಆಗಬೇಕು, ಪರಿಶೀಲನೆ ಹತ್ತೊಂಬತ್ತನೇ ತಾರೀಖು.

“ಅವತ್ತಿಗೆ ಅದು ಇರಲ್ಲ ಮೇಡಂ” ಎಂದೆ.

“ಇಲ್ಲದಿದ್ರೆ ಪರಿಶೀಲಕರು ಇಲ್ಲ ಅಂತ ಬರೀತಾರೆ, ಚಿಂತೆ ಮಾಡ್ಬೇಡಿ.”

“ನಾಳಿದ್ದು ಶುಕ್ರವಾರವೇ ಕೆಡವಿದ್ರೆ?”

“ಶುಕ್ರವಾರ ಸೇತುವೆ ಅಲ್ವಾ ಅಮ್ಮ!”

ಹೌದು, ಮರೆತಿದ್ದೆ. ಗುರುವಾರ ಹಬ್ಬ, ಶನಿವಾರ ಭಾನುವಾರ ರಜೆ, ನಡುವೆ ಶುಕ್ರವಾರವೊಂದೇ ಅನಾಥವಾಗಬಾರದೆಂದು ಇಡೀ ದೇಶ ಅದರ ಮೇಲೆ ಸೇತುವೆ ಕಟ್ಟಿ ಸಮುದ್ರತೀರಕ್ಕೆ ದಾಟಿಹೋಗುತ್ತದೆ. ಐದು ಸಾವಿರ ವರ್ಷದ ಚಪ್ಪಡಿಗಿಂತ ಗಟ್ಟಿಯಾದ ಕಟ್ಟಡ ಈ ನಾಡಿನಲ್ಲಿ ಇದ್ದರೆ ಅದು ಆ ಸೇತುವೆಯೇ. ಬುಲ್ಡೋಜರಿಗೆ ಮಾತ್ರ ಯಾರೂ ರಜೆ ಕೊಡಲಿಲ್ಲ.

ನಿನ್ನೆ ಸಂಜೆ ಅದನ್ನು ತಂದವನು ಪಕ್ಕದೂರಿನ ಜೆರ್ವಾಸಿಯೊ. ಅಜ್ಜಿ ಅವನನ್ನು ಬೇಲಿಯ ಹತ್ತಿರವೇ ಹಿಡಿದರು.

“ಏನೋ, ನಿಮ್ಮಪ್ಪನ ಮೂಗು ಒರೆಸಿದ ಕೈ ಕಣೋ ಇದು. ನನ್ನ ನೆರೆಯೋಳ ಮನೆ ಕೆಡವಕ್ಕೆ ಬಂದ್ಯಾ?”

“ಅಜ್ಜಿ, ನಕ್ಷೇಲಿ ಹಂದಿಗೂಡು ಅಂತಿದೆ. ನೀವೇ ಹೇಳಿದ್ದಂತೆ!”

“ನಾನು ಸಾವಿರ ಹೇಳ್ತೀನಿ! ನಿಮ್ಮಜ್ಜ ಚೆಲುವ ಅಂತಾನೂ ಹೇಳಿದ್ದೆ.”

ಅವನು ನಕ್ಕ, ಆಮೇಲೆ ಟೋಪಿ ತೆಗೆದ. ನನ್ನ ಕಡೆ ತಿರುಗಿ, “ಅಕ್ಕಾ, ನಂಗೂ ಮನಸ್ಸಿಲ್ಲ. ನಿಲ್ಸು ಅಂತ ಕಚೇರಿಯಿಂದ ಒಂದು ಫೋನ್ ಬರ್ಲಿ, ಕೀಲಿ ತೆಗೆದು ಮನೇಗ್ ಹೋಗ್ತೀನಿ. ಬರ್ಲಿಲ್ಲ ಅಂದ್ರೆ ಏಳು ಗಂಟೆಗೆ ಶುರು ಮಾಡ್ಲೇಬೇಕು. ನಾನು ಮಾಡ್ಲಿಲ್ಲ ಅಂದ್ರೆ ಎಂಟಕ್ಕೆ ಇನ್ನೊಬ್ಬನ್ನ ಕಳಿಸ್ತಾರೆ” ಎಂದ. ಗಮನಿಸಿ ಮಾನ್ಯರೇ, ಬುಲ್ಡೋಜರ್ ಓಡಿಸುವವನು ತಮ್ಮ ಫೋನಿಗೆ ಕಾಯುತ್ತಿದ್ದಾನೆ. ಅದಕ್ಕೆ ಪಟ್ಟಿ ಬೇಡ, ಪರಿಶೀಲನೆ ಬೇಡ. ಅನುಮಾನವಿದ್ದರೆ ಕೆಲಸ ತಡೆಯುವ ಅಧಿಕಾರ ತಮಗಿದೆ ಎಂದು ತಮ್ಮದೇ ಕೈಪಿಡಿಯ ಹದಿನೇಳನೇ ಪುಟದಲ್ಲಿದೆ. ಓದಿ ನೋಡಿ, ಕಾಗದ ನುಣುಪಾಗಿದೆ, ಚಿತ್ರಗಳು ಸೊಗಸಾಗಿವೆ.

ಈಗ ಮೂರು ನಲವತ್ತಕ್ಕೆ ಬರುತ್ತೇನೆ. ಸದ್ದಿಗೆ ಎದ್ದು ಹೊರಗೆ ಬಂದರೆ ಅಜ್ಜಿ ಲಾಂದ್ರ, ಡಬ್ಬಿ, ಉದ್ದ ಕೋಲಿನ ಕುಂಚ ಹಿಡಿದು ಬೇಲಿ ದಾಟಿದ್ದರು. ಮಗುವನ್ನು ಎತ್ತಿಕೊಂಡು ಓಡಿದೆ.

“ಏನ್ ಮಾಡ್ತಿದೀರಾ ಅಜ್ಜಿ?”

“ಕಾಣಲ್ವಾ? ಏಳು ಗಂಟೆಗೆ ಹೋಗೋಳು. ಕೊಳೆ ಬಟ್ಟೇಲಿ ಕಳಿಸಕ್ಕಾಗುತ್ತಾ?”

ಮುಂದಿನ ಕಲ್ಲುಗಳು ಮುಗಿದು ಕುಂಚ ಹಿಂಬದಿಗೆ ಹೊರಟಿತ್ತು. ನಾನು ಬಿಡಿಸಿದ ಆ ತಟ್ಟೆಯಷ್ಟಗಲದ ಜಾಗ, ಜಗತ್ತಿನಲ್ಲಿ ನನ್ನ ಬಳಿ ಇದ್ದ ಒಂದೇ ಸಾಕ್ಷಿ. ಅದರ ಮೇಲೂ ಸುಣ್ಣ ಬಿದ್ದರೆ ತಮ್ಮ ವರದಿ ನೂರಕ್ಕೆ ನೂರು ಸರಿಯಾಗುತ್ತದೆ. ನಾನು ಆ ಕಲ್ಲಿಗೆ ಬೆನ್ನು ಕೊಟ್ಟು ನಿಂತು ಅತ್ತುಬಿಟ್ಟೆ. ಬರೆಯಬಾರದಿತ್ತು, ಬರೆದೆ. ನಾನು ಅತ್ತದ್ದು ನೋಡಿ ಬೆನೆಡಿಟಾಳೂ ಅತ್ತಳು. ಎಂಟು ತಿಂಗಳ ಮಗು, ಬೇರೆ ಏನು ಮಾಡೀತು?

“ಅಜ್ಜಿ, ಇದೊಂದು ಬಿಡಿ. ಅವರು ಬಂದ್ರೆ ತೋರಿಸ್ಬೇಕು.”

“ಬರ್ತಾರಾ?”

ಮಾನ್ಯರೇ, ಈ ಪ್ರಶ್ನೆಗೆ ನಾನು “ಬರ್ತಾರೆ” ಎಂದೆ. ಟೈ ಕಟ್ಟಿದವರ ಪರವಾಗಿ ಆ ಮನೆತನದಲ್ಲಿ ಯಾರೋ ಮಾತು ಕೊಟ್ಟದ್ದು ಇದೇ ಮೊದಲು. ಅಜ್ಜಿ ನನ್ನ ಮುಖ ನೋಡಿದರು, ಲಾಂದ್ರವನ್ನು ನನ್ನ ಕೈಗೆ ಕೊಟ್ಟರು, ಮನೆಗೆ ಹೋಗಿ ನೀಲಿ ಬಣ್ಣದ ಡಬ್ಬಿ ತಂದರು. ಆ ಜಾಗದ ಸುತ್ತ, ನಮ್ಮ ಮನೆಯ ಕಿಟಕಿಗಳಿಗೆ ಬಳಿಯುತ್ತಾರಲ್ಲ, ಹಾಗೆಯೇ ಒಂದು ನೀಲಿ ಚೌಕಟ್ಟು ಎಳೆದರು.

“ಕಿಟಕಿ ಬಿಟ್ಟಿದೀನಿ. ಇಣುಕಿ ನೋಡ್ಲಿ, ಒಳಗೆ ಯಾರಿದಾರೆ ಅಂತ” ಎಂದರು.

ಆಮೇಲೆ ಅಡುಗೆಮನೆಯ ಕುರ್ಚಿಯೊಂದನ್ನು ತಂದು ಗೋರಿಯ ಒಳಗೆ, ಚಪ್ಪಡಿಯ ಕೆಳಗೆ ಹಾಕಿಕೊಂಡು ಕೂತಿದ್ದಾರೆ. ಹಸಿ ಸುಣ್ಣವನ್ನು ಯಾರೂ ಮುಟ್ಟಬಾರದಂತೆ, ಒಣಗುವವರೆಗೆ ಕಾಯಬೇಕಂತೆ. ಎಷ್ಟು ಕರೆದರೂ ಬರಲೊಲ್ಲರು. ಈ ಹವೆಯಲ್ಲಿ ಒಣಗಲು ಮಧ್ಯಾಹ್ನವಾಗುತ್ತದೆ. ಬುಲ್ಡೋಜರ್ ಏಳಕ್ಕೆ. ಜೆರ್ವಾಸಿಯೊ ಬಂದರೆ ಅವನಿಗೆ ಅಜ್ಜಿ ಒಳಗಿದ್ದಾರೆಂದು ನಾನು ಹೇಳುತ್ತೇನೆ, ಅವನು ನಿಲ್ಲಿಸುತ್ತಾನೆ. ಎಂಟಕ್ಕೆ ಬರುವ ಆ ಇನ್ನೊಬ್ಬ ಯಾರೋ ನನಗೆ ಗೊತ್ತಿಲ್ಲ.

ನನ್ನ ಬೇಡಿಕೆ ಇಷ್ಟೇ. ತಮ್ಮ ಯಂತ್ರದ ಉತ್ತರದಲ್ಲಿ, ‘ತುರ್ತಿದ್ದರೆ ಈ ವಿಳಾಸಕ್ಕೆ ಬರೆಯಿರಿ, ಹಗಲೂ ರಾತ್ರಿ ಒಬ್ಬರು ಕರ್ತವ್ಯದಲ್ಲಿರುತ್ತಾರೆ’ ಎಂದಿದೆ. ಬರೆದಿದ್ದೇನೆ. ಇದನ್ನೇ ಎರಡು ಪತ್ರಿಕೆಗಳಿಗೂ ನಮ್ಮ ಪಂಚಾಯತಿಯ ಪುಟಕ್ಕೂ ಹಾಕಿದ್ದೇನೆ. ಕರ್ತವ್ಯದಲ್ಲಿರುವವರು ನಿಜಕ್ಕೂ ಒಬ್ಬರಿದ್ದರೆ, ಅವರು ತಾವೇ ಆಗಿದ್ದರೆ, ಗ್ರಾಮೀಣ ಪೊಲೀಸ್ ಠಾಣೆಗೆ ಒಂದು ಕರೆ ಮಾಡಿ, ಕೆಲಸ ನಿಲ್ಲಿಸಲು ಹೇಳಿ. ಆಮೇಲೆ ಹತ್ತೊಂಬತ್ತಕ್ಕೇ ಬನ್ನಿ, ನಿಧಾನವಾಗಿ ಬನ್ನಿ, ಚೀಸು ಕೊಡುತ್ತೇವೆ. ನಲವತ್ತು ಹೆಜ್ಜೆ ನಾನೇ ಕೈ ಹಿಡಿದು ನಡೆಸುತ್ತೇನೆ.

ಇಂತಿ,
ತಾವು ಬಂದೇ ಬರುತ್ತೀರೆಂದು ಅಜ್ಜಿಗೆ ಮಾತು ಕೊಟ್ಟು ಕೂತಿರುವ,
ಹಂದಿಗೂಡಿನ ಪಕ್ಕದ ಮನೆಯ ಲೀಡಿಯಾ ಕಾರಾಪೆಟೊ

ವಿ.ಸೂ.: ಈಗ ಐದೂ ಹತ್ತು. ಬೆನೆಡಿಟಾ ಈಗ ತಾನೇ ಮಲಗಿದಳು, ಮೂರು ನಲವತ್ತರ ಮೇಲೆ ಮೊದಲ ಸಲ. ಈ ಮನೆಯಲ್ಲಿ ಇಂಥ ಹೊತ್ತಿನಲ್ಲಿ ಚಮಚ ಬೀಳಿಸಿದವರನ್ನೂ ನಾನು ಕ್ಷಮಿಸುವುದಿಲ್ಲ. ಆದರೂ ಫೋನಿನ ಸದ್ದನ್ನು ಪೂರ್ತಿ ಏರಿಸಿ ತೊಟ್ಟಿಲ ಪಕ್ಕದಲ್ಲೇ ಇಟ್ಟಿದ್ದೇನೆ. ಮಗು ಎದ್ದರೆ ಏಳಲಿ. ಬೆಳಗಾಗುವ ಮುಂಚೆ ಒಂದು ಫೋನ್ ಮಾಡಿ, ದಯವಿಟ್ಟು.