ಅಮ್ಮನವರ ಕಡೆ ವಕೀಲ

ಮಾರ್ಚ್ 13, 2025. ಅರಕಲಗೂಡು

ಹಾಸನದ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಾಲೇಜಿನಲ್ಲಿ ಬೇಡಿಕೆ ಮತ್ತು ಪೂರೈಕೆಯ ಪಾಠ. ಹಿಂದಿನ ಬೆಂಚು ನಿದ್ದೆ ಬೇಡಿತು, ನಾನು ಪೂರೈಸಿದೆ. ಅರ್ಥಶಾಸ್ತ್ರದ ಮೇಷ್ಟ್ರ ಮಾತಿಗೇ ಅರ್ಥವಿಲ್ಲ ಎನ್ನುವುದು ಹೆಂಡತಿ ಹಂಸಳ ಸಿದ್ಧಾಂತ. ಪ್ರತಿವಾದ ಮಂಡಿಸಿಲ್ಲ.

ಸಂಜೆ ಎದುರುಮನೆ ಗೋದಮ್ಮ ಬಂದು ಮಟೀರಿಯಲ್ ಕೊಟ್ಟು ಹೋದರು. ಭಾನುವಾರ ಪ್ರಣಯ ಕಲಹದ ಉತ್ಸವ. ಬೀದಿ ಕೊನೆಯ ಗುಡಿಯ ಗೋಪಾಲಸ್ವಾಮಿ ರಾತ್ರಿಯೆಲ್ಲ ಎಲ್ಲೋ ಸುತ್ತಿ, ಬೆಳಗಾಗುವಾಗ ಪಲ್ಲಕ್ಕಿಯಲ್ಲಿ ಮರಳುತ್ತಾನೆ. ಅಮ್ಮನವರು ಬಾಗಿಲು ಹಾಕಿಕೊಂಡಿರುತ್ತಾರೆ. ಪಲ್ಲಕ್ಕಿಯ ಪಕ್ಕ ಸ್ವಾಮಿಯ ಪರ ವಾದಿಸಲು ಅರ್ಚಕ ಪ್ರದ್ಯುಮ್ನ. ಬಾಗಿಲಿಗೆ ಬೆನ್ನು ಕೊಟ್ಟು ಅಮ್ಮನವರ ಪರ ನಾನು. ಅಪ್ಪ ಕಾಲವಾದ ಮೇಲೆ ಈ ವಕಾಲತ್ತು ನನಗೆ ಬಂತು. ವರ್ಷಕ್ಕೊಂದು ಬೆಳಿಗ್ಗೆ ದೇವರಿಗೆ ಏನು ಬೇಕಾದರೂ ಅನ್ನಬಹುದು. ನಾನು 'ಬನ್ನಿ' ಎನ್ನುವವರೆಗೆ ಬಾಗಿಲು ತೆರೆಯುವಂತಿಲ್ಲ. 'ಬನ್ನಿ' ಅಂದ ಮೇಲೆ ನಾನು ಒಂದು ಮಾತೂ ಆಡುವಂತಿಲ್ಲ.

ಹೀಗಾಗಿ ಬೀದಿಯ ಹೆಂಗಸರೆಲ್ಲ ಗಂಡಂದಿರ ಮೇಲಿನ ದೂರನ್ನು ದೇವರ ಅಕೌಂಟಿಗೆ ಜಮಾ ಮಾಡುತ್ತಾರೆ.

"ಚಲುವಾ, 'ಊಟಕ್ಕೆ ಬರ್ತೀನಿ ಅಂದವರು ಬರಲಿಲ್ಲ, ಸಾರು ಹಳಸಿತು' ಅಂತ ಸೇರಿಸು" ಎಂದರು ಗೋದಮ್ಮ.

ಅವರ ಯಜಮಾನರು ಹೋಗಿ ಎಷ್ಟೋ ವರ್ಷ. ಸಾರು ಇನ್ನೂ ಹಳಸುತ್ತಲೇ ಇದೆ.

ಮಾರ್ಚ್ 15. ಸಂಜೆ

ಪ್ರದ್ಯುಮ್ನ ಕಾಫಿಗೆ ಬಂದ. ಪ್ರೈಮರಿಯಿಂದ ಒಂದೇ ಬೆಂಚು. ಆಮೇಲೆ ಅವನು ವೇದ ಕಲಿಯಲು ಹೋದ, ನಾನು ವಾದ ಕಲಿಯಲು.

"ನಿನ್ನದು ಹಳೇ ಸರಕು ಕಣೋ. ಹುಡುಗರು ಫೋನ್ ನೋಡ್ತಾ ನಿಂತಿರ್ತಾರೆ. ಏನಾದ್ರೂ ಹೊಸದು ಹಾಕು."

"ದೇವರನ್ನ ಬೈಯೋಕೆ ಹೊಸ ಸಿಲಬಸ್ ಬಂದಿಲ್ಲ."

ಸ್ವಲ್ಪ ಹೊತ್ತು ಯೋಚಿಸಿ ಅವನೇ ಹೇಳಿದ — "ಹದಿನಾರು ಸಾವಿರ ನಂಬರ್ ಸೇವ್ ಮಾಡ್ಕೊಂಡೋರಿಗೆ ಮನೆ ನಂಬರ್ ಒಂದು ಮರೆತುಹೋಯ್ತೆ?" ಹೇಳಿ ತಾನೇ ನಕ್ಕು, ಕಾಫಿ ಪಂಚೆಯ ಮೇಲೆ ಚೆಲ್ಲಿಕೊಂಡ.

"ನಿನ್ನ ಕಕ್ಷಿದಾರನ ವಿರುದ್ಧ ನೀನೇ ಸಾಕ್ಷಿ ಒದಗಿಸ್ತಿದ್ದೀಯಲ್ಲೋ" ಎಂದೆ.

"ಅದಕ್ಕೇ ನೀನು ಹೇಳಬೇಕು. ನಾನು ಹೇಳೋ ಹಾಗಿಲ್ಲ. ಅವನೇನೂ ಬೇಜಾರು ಮಾಡ್ಕೊಳ್ಳಲ್ಲ ಬಿಡು, ನಗ್ತಾನೆ."

ಮಾರ್ಚ್ 16. ಬೆಳಿಗ್ಗೆ 9

ಗಂಟಲು ಹೋಗಿದೆ. ಸಾರು ಹಳಸಿದ್ದಕ್ಕೆ ಗೋದಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಂಬರಿನ ಮಾತಿಗೆ ಫೋನ್ ಹಿಡಿದ ಹುಡುಗರೂ ತಲೆ ಎತ್ತಿದರು. ಕೊನೆಗೆ ಪ್ರದ್ಯುಮ್ನನ ಬಾಯಲ್ಲಿ ಸ್ವಾಮಿಯದು ಎಂದಿನ ನೆಪ — "ಉಂಗುರ ಕಳೆದುಹೋಗಿತ್ತು, ಹುಡುಕಲು ಹೋಗಿದ್ದೆ." ನನ್ನದು ಎಂದಿನ ಉತ್ತರ — "ಉಂಗುರ ಬೆರಳಲ್ಲೇ ಇದೆಯಲ್ಲ. ಕಳೆದದ್ದು ಬೇರೇನೋ." ಹೂವಿನ ಚೆಂಡು ಎಸೆದಾಟ. ಬನ್ನಿ ಎಂದೆ. ಬಾಗಿಲು ತೆರೆಯಿತು. ಹಂಸ ಎಂದಿನಂತೆ ಅತ್ತಳು.

ತೆಂಗಿನಕಾಯಿ ಮಂಡಿಯ ನಂಜಯ್ಯನವರು ಹಣೆತುಂಬ ವಿಭೂತಿ ಹೊತ್ತು ಈ ವರ್ಷವೂ ಮುಂದಿನ ಸಾಲಿನಲ್ಲಿ. "ನಿಮ್ಮಪ್ಪಾರಂಗೇ ಉಗುದ್ರಿ ಬುಡಿ ಸಾ. ನಮ್ ಶಿವಪ್ಪ ಒಬ್ಬಳ್ನ ತಲೆ ಮ್ಯಾಲೇ ಕೂರುಸ್ಕಂಡವ್ನೆ, ಕೇಳೋರೇ ಇಲ್ಲ."

ಮಾರ್ಚ್ 19

ಜೀವಮಾನವೆಲ್ಲ ರೀಲು ಬಿಟ್ಟವನು ಇವತ್ತು ರೀಲಿನಲ್ಲೇ ಸಿಕ್ಕಿಬಿದ್ದೆ.

ಸ್ಟಾಫ್ ರೂಮಿನಲ್ಲಿ ತೋರಿಸಿದರು. ಪಲ್ಲಕ್ಕಿ ಇಲ್ಲ, ಪ್ರದ್ಯುಮ್ನ ಇಲ್ಲ, ಬಾಗಿಲೂ ಇಲ್ಲ. ನನ್ನ ಮುಖ, ನಂಬರಿನ ಮಾತು, ಅಷ್ಟೇ. ಮೇಲೆ ಶೀರ್ಷಿಕೆ: 'ಗೋಪಾಲನನ್ನು ಅವಮಾನಿಸಿದ ಉಪನ್ಯಾಸಕ'. ಇವನು ಯಾವ ಮತದವನು ಎಂದು ಕೆಳಗೆ ವಿಚಾರಣೆ ನಡೆದಿದೆ. ಹಣೆಯ ಮೇಲೆ ಇಷ್ಟುದ್ದ ನಾಮವಿದೆ. ಅದರ ಮೇಲೇ ವಿಡಿಯೋ ಹಾಕಿದವರ ಪೇಜಿನ ಲೋಗೋ ಕೂತಿದೆ.

ಆ ಪೇಜು ನಡೆಸುವ ಹಾಸನದ ಸುದರ್ಶನ್ ಎನ್ನುವವರು ಪೊಲೀಸರಿಗೆ ದೂರು ಕೊಟ್ಟಿದ್ದಾರೆ. ಕೇಸಾದರೆ ಸಸ್ಪೆಂಡ್ ಮಾಡಬೇಕಾಗುತ್ತದೆ ಎಂದರು ಪ್ರಿನ್ಸಿಪಾಲರು, ಬಹಳ ನೊಂದುಕೊಂಡು, ಬಾಗಿಲವರೆಗೆ ಬಂದು ಕಳಿಸಿಕೊಟ್ಟರು.

ಪ್ರದ್ಯುಮ್ನನಿಗೆ ಫೋನ್ ಮಾಡಿದೆ. "ಹೆದರಬೇಡ ಕಣೋ. ಇದು ಪದ್ಧತಿ ಅಂತ ಅರ್ಚಕ ನಾನು ಹೇಳಿದರೆ ಮುಗೀತು. ಒಂದು ಮಾತು ಸಾಕು."

ದೂರು ಕೊಟ್ಟವರು ದೂರದವರು. ಅದೇ ಸಮಾಧಾನ.

ಮಾರ್ಚ್ 23

ಸ್ಟೇಷನ್ನಿನಲ್ಲಿ ಶಾಂತಿ ಸಭೆ. ಎಲ್ಲರಿಗೂ ಟೀ.

ಸುದರ್ಶನ್ ಮರ್ಯಾದಸ್ಥ ಹುಡುಗ. ಬಂದವನೇ ನನ್ನ ಕಾಲು ಮುಟ್ಟಿದ. ನಂತರ ಹೇಳಿದ, "ನಮಗೂ ನಗು ಬರುತ್ತೆ ಸರ್. ಆದ್ರೆ ಮಾತಿಗೂ ಒಂದು ಮಿತಿ ಬೇಕಲ್ವ?"

"ಇದೆಯಪ್ಪ. ಬನ್ನಿ ಅಂದಮೇಲೆ ನಾನು ಉಸಿರೆತ್ತೋ ಹಾಗಿಲ್ಲ. ನಿಮ್ಮ ವಿಡಿಯೋದಲ್ಲಿ ಅದನ್ನೇ ಕತ್ತರಿಸಿದ್ದೀರಿ."

ಯಾರೂ ಕರೆಯದಿದ್ದರೂ ನಂಜಯ್ಯನವರು ಬಂದಿದ್ದರು. "ಅಲ್ಲಾ ಕಣಪ್ಪಾ, ಬೈಸ್ಕಂಡ ದ್ಯಾವ್ರೇ ತೆಪ್ಪಗೆ ಒಳಕ್ ಓದ. ನೀನ್ಯಾಕ್ಲಾ ಇನ್ನೂ ಬಾಗ್ಲಲ್ ನಿಂತಿದ್ದೀಯ?"

ಒಬ್ಬ ಪೇದೆ ನಕ್ಕ. ಇನ್ಸ್‌ಪೆಕ್ಟರ್ ನಗಲಿಲ್ಲ. "ನೀವು ಸುಮ್ಕಿರಿ. ಸ್ವಾಮೀ, ನೀವು ಅರ್ಚಕರು. ಆ ಫೋನ್ ನಂಬರ್ ಮಾತು ನಿಮ್ಮ ಪದ್ಧತೀಲಿ ಇದೆಯಾ? ಇದೆ ಅನ್ನಿ, ಈಗಲೇ ಕ್ಲೋಸ್ ಮಾಡ್ತೀನಿ."

ಪ್ರದ್ಯುಮ್ನ ಟೀ ಲೋಟದ ತಳ ನೋಡುತ್ತಿದ್ದ.

"ಇಲ್ಲ… ಅದು ಇವರು ಸೇರಿಸಿದ್ದು. ನಾವ್ಯಾರೂ ಹೇಳಿಕೊಟ್ಟಿದ್ದಲ್ಲ."

ಇವರು. ನಲವತ್ತು ವರ್ಷದಲ್ಲಿ ಅವನ ಬಾಯಲ್ಲಿ ನನಗೆ ಬಹುವಚನ ಸಿಕ್ಕಿದ್ದು ಇವತ್ತೇ.

ಬಾಯಿ ತೆರೆದೆ. ಅವನ ಪಂಚೆಯ ಮೇಲೆ ಕಾಫಿ ಕಲೆ ಹಾಗೇ ಇತ್ತು. ಅದೇ ಪಂಚೆಯೋ ಬೇರೆಯೋ… ಬಾಯಿ ಮುಚ್ಚಿದೆ. ಹೇಳಿದ್ದರೆ ಕೇಸು ಅವನ ಮೇಲಾಗುತ್ತಿತ್ತು. ಗುಡಿಯ ಕೆಲಸ ಹೋಗುತ್ತಿತ್ತು. ಇದೆಲ್ಲ ಆಮೇಲೆ ಹೊಳೆದ ಕಾರಣ.

ಕ್ಷಮಾಪಣೆ ಬರೆದುಕೊಟ್ಟೆ. ಇನ್ನು ಮುಂದೆ ಅಮ್ಮನವರ ಪರವಾಗಿ ಮಾತಾಡುವುದಿಲ್ಲ ಎಂದೂ. ಅಮ್ಮನವರನ್ನು ಯಾರೂ ಕೇಳಲಿಲ್ಲ.

ಮಾರ್ಚ್ 24

ಪ್ರದ್ಯುಮ್ನನ ಫೋನ್. ಎತ್ತಲಿಲ್ಲ.

ಏಪ್ರಿಲ್ 6

ರಾಮನವಮಿ. ಗುಡಿಯಿಂದ ಪಾನಕ ಕಳಿಸಿದ್ದ. ಹಂಸ ಕುಡಿದಳು. ನನಗೆ ಶುಗರ್ ಎಂದೆ.

"ಯಾವಾಗಿಂದ?"

"ಮಾರ್ಚ್ ಇಪ್ಪತ್ಮೂರರಿಂದ."

ಫೆಬ್ರವರಿ 28, 2026

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ. ಕೆಲಸ ಉಳಿದಿದೆ. ಪಾಠ ಮಾಡುತ್ತೇನೆ, ಜೋಕು ಬಿಟ್ಟು. ಹಿಂದಿನ ಬೆಂಚೂ ಎಚ್ಚರವಾಗಿರುತ್ತದೆ, ಏನಾಯಿತೋ ಮೇಷ್ಟ್ರಿಗೆ ಎಂದು. ಬೀದಿಯಲ್ಲಿ ಪ್ರದ್ಯುಮ್ನ ಎದುರಾದರೆ ಇಬ್ಬರಿಗೂ ಫೋನ್ ಬರುತ್ತದೆ.

ಇವತ್ತು ಮನೆಗೇ ಬಂದ. ಜಗುಲಿಯಲ್ಲಿ ಕೂತ. ಕಾಫಿ ಬೇಡ ಎಂದ.

"ಗುರುವಾರ ಪ್ರಣಯ ಕಲಹ. ನನ್ನ ತಮ್ಮನ ಮಗ ಕೇದಾರ್ ಅಮ್ಮನವರ ಕಡೆ ಓದ್ತಾನೆ. ಓದೋದನ್ನ ಮುಂಚೆ ಸ್ಟೇಷನ್ನಿಗೆ ತೋರಿಸಬೇಕು. ನೀನು ಬರೆದುಕೊಡು. ನಿನ್ನ ಹೆಸರು ಬರಲ್ಲ."

"ನಾಲಗೆ ಬೇಕು, ಬಾಯಿ ಬೇಡ."

"ಚಲುವಾ… ಆವತ್ತು ಸಭೆಗೆ ಮುಂಚೆ ಪೊಲೀಸರು ನನ್ನನ್ನ ಪಕ್ಕಕ್ಕೆ ಕರೆದು ಹೇಳಿದ್ರು. ಆ ಮಾತು ಗುಡೀದು ಅಂದ್ರೆ ಉತ್ಸವಾನೇ ನಿಲ್ಲಿಸ್ತೀವಿ, ಒಬ್ಬರದು ಅಂದ್ರೆ ಉತ್ಸವ ಉಳಿಯುತ್ತೆ ಅಂತ. ಏನು ಮಾಡಲಿ?"

"ಒಬ್ಬರದೇ ತಾನೇ. ಆ ಒಬ್ಬರು ಯಾರು ಅಂತ ಹೇಳಬಹುದಿತ್ತು."

ಬರೆಯುವುದಿಲ್ಲ ಎಂದೆ. ಹೋಗುವಾಗ ಚಪ್ಪಲಿ ಹುಡುಕಲು ಬಹಳ ಹೊತ್ತು ತೆಗೆದುಕೊಂಡ. ಕಣ್ಣೆದುರೇ ಇತ್ತು.

ಗೋದಮ್ಮ ಈ ಸಲ ಮಟೀರಿಯಲ್ ತರಲಿಲ್ಲ.

ಮಾರ್ಚ್ 5. ಬೆಳಿಗ್ಗೆ 6

ಹೋಗಲಿಲ್ಲ. ಹಂಸ ಹೋಗಿದ್ದಾಳೆ. ನಾದಸ್ವರ ಗುಡಿಯ ಮುಂದೆ ನಿಂತಿತು. ಇನ್ನು ವಾದ ಶುರು. ಮುಗಿಯಲು ಬಿಸಿಲೇರಬೇಕು. ಕಾಫಿ ಮಾಡಿಕೊಳ್ಳೋಣ…

ಹಾಲು ಉಕ್ಕುವ ಮುಂಚೆ ಗಂಟೆ, ಜಾಗಟೆ. ಇಷ್ಟು ಬೇಗ?

6.40

ನಂಜಯ್ಯನವರು ವಾಪಸು ಹೋಗುತ್ತಿದ್ದರು. ಗೇಟಿನಿಂದ ಕೇಳಿದೆ. "ಊಂ, ಮುಗೀತು ಸಾ. ಬೈದಿದ್ರೆ ತಾನೆ? ಉಡ್ಗ ಚೀಟಿ ನೋಡ್ಕಂಡು 'ಬನ್ನಿ' ಅಂದ. ಬಾಗ್ಲು ತಗುದ್ಬುಟ್ರು. ನಮ್ ಪಟೇಲ್ರು ಕುಡ್ದು ಬಂದ್ರೂ ಅವ್ರ ಎಂಡ್ರು ಅಂಗ್ ತಗಿಯಕ್ಕಿಲ್ಲ ಕಣ."

ಹಂಸ ಬಂದಳು. ಅತ್ತಿರಲಿಲ್ಲ. ಬರೆದದ್ದನ್ನೆಲ್ಲ ಸ್ಟೇಷನ್ನಿನಲ್ಲಿ ಹೊಡೆದುಹಾಕಿ ಆ ಒಂದು ಮಾತು ಉಳಿಸಿದ್ದರಂತೆ. ಗೋದಮ್ಮ ಎಲ್ಲರಿಗೂ ಕೇಳುವ ಹಾಗೆ, "ಯಾಕೋ ಪ್ರದ್ಯುಮ್ನ, ಈ ವರ್ಷ ಅಮ್ಮನವರಿಗೆ ಏನೂ ನೋವೇ ಇಲ್ವಂತೇನೋ?" ಅಂದರಂತೆ. ಅವನು ಮಂಗಳಾರತಿ ತಟ್ಟೆ ಅಲ್ಲೇ ಇಟ್ಟು ಹೊರಗೆ ಹೋದನಂತೆ.

7.15

ಯಾರೋ ಬಾಗಿಲು ಬಡಿಯುತ್ತಿದ್ದಾರೆ. ಹಂಸ ಎದ್ದಳು, ಬೇಡ ಎಂದು ಸನ್ನೆ ಮಾಡಿದೆ. ಕಿಟಕಿಯಲ್ಲಿ ಮಡಿಪಂಚೆಯ ಅಂಚು.

"ಚಲುವಾ."

ಬರೆಯುತ್ತಿದ್ದೇನೆ, ಕೈ ಚಿಲಕಕ್ಕೆ ಹೋಗದಿರಲಿ ಎಂದು.

"ಚಲುವಾ… ಉಂಗುರ ಕಳೆದುಹೋಗಿತ್ತು ಕಣೋ. ಹುಡುಕಲು ಹೋಗಿದ್ದೆ."

ಹಂಸ ನನ್ನನ್ನೇ ನೋಡುತ್ತಿದ್ದಾಳೆ. ಉತ್ತರ ಬಾಯಿಪಾಠ, ಇಷ್ಟು ವರ್ಷ ಅವನ ಮುಖಕ್ಕೇ ಹೇಳಿದ್ದು. ಬಾಗಿಲಿಗೆ ಬೆನ್ನು ಕೊಟ್ಟು ನಿಂತೇ ಬರೆಯುತ್ತಿದ್ದೇನೆ. ಬೈಯುವುದು ಬೇಕಾದಷ್ಟಿದೆ, ಒಂದು ವರ್ಷದ್ದು. 'ಬನ್ನಿ' ಎನ್ನುವ ಆ ಕೊನೆಯ ಒಂದು ಮಾತು ಮಾತ್ರ…